ದೊಡ್ಡ ಡಬ್ಬದೊಳಗಿನ ಚಿಕ್ಕ ಡಬ್ಬ

"ಅವನ ಕೆಲಸ ಹೋಯ್ತಂತೆ ಕಣೇ! ನಿನ್ನ ಕಂಪ್ಲೇಂಟ್‌ನಿಂದಾನೇ!"

ಅತ್ತಿಗೆ ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದಳು.

ಒಳಗೆ ತಿರುಗುವ ಚಕ್ರದ ಮೇಲಿದ್ದ ನಾದಿನಿಯ ಕೈ ಹಾಗೇ ನಿಂತುಬಿಟ್ಟಿತು. ಅರ್ಧ ಎದ್ದಿದ್ದ ಮಣ್ಣಿನ ಕಪ್ ವಾಲಿ ಕುಸಿಯಿತು.

"ಯಾರದು ಅತ್ತಿಗೆ?"

"ಇನ್ಯಾರದು? ನಮ್ಮ ಟೇಪು ಸಾಹೇಬಂದು! ಇವತ್ತು ಪಾರ್ಸೆಲ್‌ಗೆ ಬೇರೆ ಯಾರೋ ಬಂದಿದ್ದಾನೆ. ಅವನೇ ಹೇಳಿದ."

ಟೇಪು ಸಾಹೇಬ... ಪ್ರತಿ ಡಬ್ಬಕ್ಕೂ ಎರಡು ಸುತ್ತು ಹೆಚ್ಚಿಗೆ ಟೇಪು ಸುತ್ತುವ ಕೊರಿಯರ್‌ನವನಿಗೆ ಅತ್ತಿಗೆ ಇಟ್ಟ ಹೆಸರು.

ನಾದಿನಿ ತಾನು ಮಾಡಿದ ಕಪ್‌ಗಳನ್ನು ಮಾರುತ್ತಿದ್ದದ್ದು ಆನ್‌ಲೈನ್ ಅಂಗಡಿಯಲ್ಲಿ. ಮೂರು ತಿಂಗಳಿಂದ ಅಂಗಡಿಯವರು ಪ್ರತಿ ಮಾರಾಟದ ಹಣದಲ್ಲೂ 'ಹೆಚ್ಚುವರಿ ತೂಕದ ಶುಲ್ಕ' ಅಂತ ಕತ್ತರಿಸುತ್ತಿದ್ದರು. ಅರ್ಧ ಕೆಜಿ ಪಾರ್ಸೆಲ್‌ಗೆ ಎರಡು ಕೆಜಿ ಲೆಕ್ಕ! ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಫೋಟೋ ತೆಗೆದು, ಹನ್ನೊಂದು ಮೇಲ್ ಬರೆದು ಜಗಳವಾಡಿದ್ದಳು.

ಕೊನೆಯ ಮೇಲ್‌ನಲ್ಲಿ ಒಂದು ಸಾಲು ಸೇರಿಸಿದ್ದಳು. 'ಪಾರ್ಸೆಲ್ ಒಯ್ಯುವವನೇ ಏನೋ ಮಾಡುತ್ತಿದ್ದಾನೆ.'

ಬರೆದು ಎರಡು ಸಲ ಅಳಿಸಿದ್ದಳು. ದಿನಾ ನಾಲ್ಕು ಗಂಟೆಗೆ ಅವನ ಗಾಡಿಯ ಸದ್ದು ಕೇಳಿ ಕೂದಲು ಸರಿಮಾಡಿಕೊಳ್ಳುತ್ತಿದ್ದವಳು ಅವಳೇ ಅಲ್ಲವೇ!

'ಅಷ್ಟು ನಗ್ತಾ ಮಾತಾಡಿ, ಹಿಂದಿನಿಂದ ಹೀಗಾ ಮಾಡೋದು?' ಆ ಸಿಟ್ಟಲ್ಲೇ ಕಳಿಸಿದ್ದಳು.

ಇವತ್ತು ಬೆಳಿಗ್ಗೆ ಉತ್ತರ ಬಂದಿತ್ತು. 'ನಿಮ್ಮ ದೂರು ಸರಿಯಾಗಿದೆ. ಶುಲ್ಕ ಹಿಂತಿರುಗಿಸಲಾಗಿದೆ.' ಗೆದ್ದೆ ಅಂತ ಕುಣಿದಿದ್ದಳು. ಜೊತೆಗೆ ಅವರು ಕಳಿಸಿದ್ದ ಪಾರ್ಸೆಲ್ ಫೋಟೋ ತೆರೆದು ನೋಡಿರಲೇ ಇಲ್ಲ.

ಈಗ ಮಣ್ಣಿನ ಬೆರಳಲ್ಲೇ ತೆರೆದಳು.

ಒಂದು ದೊಡ್ಡ ರಟ್ಟಿನ ಡಬ್ಬ. ಅದರೊಳಗೆ ಅವಳ ಚಿಕ್ಕ ಡಬ್ಬ. ಸುತ್ತಲೂ ಒತ್ತೊತ್ತಾಗಿ ತುಂಬಿದ ಹಳೇ ಪೇಪರ್. ಮೇಲೊಂದು ಚೀಟಿ...

'ಮೆಲ್ಲಗೆ ಹಿಡಿಯಿರಿ. ಇದನ್ನ ಮಾಡೋಕೆ ಅವರಿಗೆ ಒಂಬತ್ತು ದಿನ ಬೇಕು.'

ರಸೀದಿಗಳ ಮೇಲೆ ದಿನಾ ನೋಡುತ್ತಿದ್ದ ಅವನದೇ ಕೈಬರಹ.

ಮೊದಲೆಲ್ಲ ನಾಲ್ಕು ಕಪ್ ಕಳಿಸಿದರೆ ಒಂದು ಒಡೆದು ವಾಪಸ್ ಬರುತ್ತಿತ್ತು. ಒಮ್ಮೆ ಅವನೆದುರೇ ಚೂರುಗಳನ್ನು ಹಿಡಿದು ಅತ್ತಿದ್ದಳು. "ಇನ್ಮೇಲೆ ಒಡೆಯಲ್ಲ ಮೇಡಂ," ಅಂದಿದ್ದ. ಅವಳು ಅದನ್ನು ಬರೀ ಸಮಾಧಾನದ ಮಾತು ಅಂದುಕೊಂಡಿದ್ದಳು.

ಆಮೇಲೆ ಒಂದೂ ಒಡೆದಿರಲಿಲ್ಲ. ಒಂದೂ!

"ಅಯ್ಯೋ ಅತ್ತಿಗೆ... ನಾನೇನು ಮಾಡ್ಬಿಟ್ಟೆ!"

"ಅಳೋದು ಆಮೇಲೆ. ಮೊದ್ಲು ಫೋನ್ ಮಾಡು. ಕೈ ತೊಳ್ಕೊಂಡು ಮಾಡು ಮಹಾರಾಯ್ತಿ, ಇದ್ದ ಒಂದು ಫೋನೂ ಹೋಗತ್ತೆ!"

ಅವಳು ಕೈ ತೊಳೆಯಲಿಲ್ಲ.

ಐದನೇ ರಿಂಗ್‌ಗೆ ಎತ್ತಿದ.

"ನಾನು..."

"ಗೊತ್ತಾಯ್ತು ಮೇಡಂ."

"ಯಾಕೆ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿ? ಕೆಲಸಕ್ಕೆ ಹೊಸಬ. ತೂಕ ಒಂದೇ ನೋಡ್ತಾರೆ, ಪೇಪರ್ ಏನು ಮಹಾ ತೂಕ ಅಂದ್ಕೊಂಡೆ. ಡಬ್ಬ ದೊಡ್ಡದಾದ್ರೆ ಅದರ ಅಳತೇನೂ ತೂಕ ಅಂತ ಲೆಕ್ಕ ಹಿಡಿದು ದುಡ್ಡು ಹಾಕ್ತಾರೆ ಅಂತ ನಂಗೆ ಗೊತ್ತಾಗಿದ್ದೇ ನಿನ್ನೆ." ಸ್ವಲ್ಪ ತಡೆದು ಅಂದ, "ನಿಮಗೆ ನಷ್ಟ ಮಾಡ್ಬಿಟ್ಟೆ. ಕ್ಷಮಿಸಿ."

ಕ್ಷಮೆ... ಅವನು ಕೇಳಬೇಕಾ?

"ನಾಳೆ ನಿಮ್ಮ ಆಫೀಸಿಗೆ ಬರ್ತೀನಿ. ನಿಮ್ಮ ಮ್ಯಾನೇಜರ್ ಮುಂದೆ ನಾನೇ ಹೇಳ್ತೀನಿ, ಇವರು ಮೋಸ ಮಾಡಿಲ್ಲ, ನನ್ನ ಕಪ್‌ಗಳನ್ನ ಕಾಪಾಡಿದ್ದಾರೆ ಅಂತ."

"ಕೆಲಸ ವಾಪಸ್ ಸಿಗಲ್ಲ. ಸುಮ್ನೆ ಬೈಸ್ಕೋತೀರಿ."

"ಬೈಸ್ಕೋತೀನಿ. ನಿಮ್ಮ ಮೇಲೆ ಆ ಮಾತು ಹಾಕಿದ್ದು ನಾನು. ನಾನೇ ತೆಗೀಬೇಕು."

"ನಿಮ್ಮಿಷ್ಟ ಮೇಡಂ."

"ಒಂದು ಕೇಳ್ಲಾ?" ಅವಳ ದನಿ ತೀರಾ ಸಣ್ಣಗಾಯಿತು. "ಎಲ್ಲರ ಪಾರ್ಸೆಲ್‌ಗೂ ಹೀಗೇ ಚೀಟಿ ಹಾಕ್ತಿದ್ರಾ?"

"...ಇಲ್ಲ."

"ಮತ್ತೆ?"

"ನಿಮ್ಮದಕ್ಕೆ ಮಾತ್ರ. ಅವತ್ತು ನೀವು ಅತ್ರಲ್ಲ... ಅದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗ್ತಿರಲಿಲ್ಲ."

ಅವಳು ಅತ್ತಳು. ಅವನಿಗೆ ಕೇಳಿಸದ ಹಾಗೆ, ಕೆನ್ನೆಗೆಲ್ಲ ಮಣ್ಣು ಮೆತ್ತಿಕೊಂಡು.

"ನಾನೂ..." ಅಂದಳು. "ನಾಲ್ಕು ಗಂಟೆ ಆಗೋದನ್ನೇ ಕಾಯ್ತಿದ್ದೆ. ದಿನಾ."

ಬಾಗಿಲ ಬಳಿ ಅತ್ತಿಗೆ ಬೇರೆ ಕಡೆ ಮುಖ ತಿರುಗಿಸಿದಳು.

"ಆಫೀಸು ಹತ್ತಕ್ಕೆ ತೆಗೆಯತ್ತೆ," ಅವನೆಂದ.

"ಹತ್ತಕ್ಕೆ ಬರ್ತೀನಿ."

"ಬೇಡ... ಒಂಬತ್ತೂವರೆಗೆ ಬನ್ನಿ. ಎದುರಿನ ಬಸ್ ಸ್ಟಾಪಲ್ಲಿ ಇರ್ತೀನಿ. ಒಳಗೆ ಏನಾಗತ್ತೋ ಏನೋ... ಅದಕ್ಕೆ ಮೊದ್ಲು ಒಂದರ್ಧ ಗಂಟೆ ಕೂತ್ಕೊಳ್ಳೋಣ."

"ಇನ್ನೂ ಮೇಡಂ ಅಂತಾನೇ ಕರೀತೀರಾ?"

"ಅದನ್ನ ನಾಳೆ ಹೇಳ್ತೀನಿ."