ನಲವತ್ತಮೂರನೇ ಹೆಜ್ಜೆ

"ಇದು ಆಂದೋಲಕ ಅಲ್ಲ. ನಿಮ್ಮ ಪರದೆ ನಿಮಗೆ ಮೋಸ ಮಾಡಿದೆ."

ಕೆಲಸಕ್ಕೆ ಸೇರಿ ಅರ್ಧ ಗಂಟೆಯೂ ಆಗದ ಹೊಸ ಪರಿಶೀಲಕ, ಪ್ರಯೋಗಾಲಯದ ಹನ್ನೊಂದು ಜನರೆದುರು ಅವಳಿಗೆ ಹೇಳಿದ ಮೊದಲ ಮಾತಿದು!

ಎರಡು ವರ್ಷ... ಪರದೆಯ ಚೌಕಗಳಲ್ಲಿ ಚುಕ್ಕಿ ಜೋಡಿಸಿ, ಅಕ್ಕಪಕ್ಕ ಎಷ್ಟು ಚುಕ್ಕಿಗಳಿವೆ ಎಂಬುದರ ಮೇಲೆ ಅವು ಹೆಜ್ಜೆಹೆಜ್ಜೆಗೂ ಹುಟ್ಟಿ ಸಾಯುವುದನ್ನು ನೋಡುತ್ತ ಕೂತಿದ್ದಳು, ಪಾಪ. ಸರಿಯಾಗಿ ನಲವತ್ತಮೂರು ಹೆಜ್ಜೆಗೆ ಮೊದಲಿನ ಆಕಾರಕ್ಕೇ ಮರಳುವ ಆಂದೋಲಕ ಬೇಕಿತ್ತು. ಅವರ ಪ್ರಯೋಗಾಲಯ ಚುಕ್ಕಿಗಳಿಗೆ ಇಟ್ಟುಕೊಂಡಿದ್ದ ಹುಟ್ಟು-ಸಾವಿನ ನಿಯಮದಲ್ಲಿ ಅದೊಂದು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಕೊನೆಗೂ ಸಿಕ್ಕಿತೆಂದು ನಿನ್ನೆಯಷ್ಟೇ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದಳು.

ಅವನು ತಪ್ಪು ತೋರಿಸಿದ. ಜಾಗ ಉಳಿಯಲೆಂದು ಅವಳು ಪರದೆಯ ಬಲ ಅಂಚನ್ನು ಎಡ ಅಂಚಿಗೆ ಜೋಡಿಸಿಕೊಂಡಿದ್ದಳು. ಬಲಕ್ಕೆ ಸಿಡಿದ ಚುಕ್ಕಿಗಳು ಎಡದಿಂದ ಒಳಬಂದು, ಮುರಿದ ಆಕಾರವನ್ನು ರಿಪೇರಿ ಮಾಡುತ್ತಿದ್ದವು. ಅವನು ಅಂಚು ಬಿಡಿಸಿ ಮತ್ತೆ ಓಡಿಸಿದ. ನಲವತ್ತಮೂರನೇ ಹೆಜ್ಜೆಗೆ ಎಲ್ಲ ಚೆಲ್ಲಾಪಿಲ್ಲಿ.

ಹೇಳಿದ್ದು ನಿಜವೇ. ಆದರೆ ಹೀಗಾ, ಎಲ್ಲರೆದುರಿಗೆ? ಇವನಿಗೆ ಕರುಳು ಅನ್ನುವುದೇ ಇಲ್ಲವಾ... ಎಂದುಕೊಂಡಳು.

ಮೂರು ವಾರ ಅವನ ಮುಖ ನೋಡಲಿಲ್ಲ. ಅವನು ಟೀ ಕುಡಿಯಲು ಬಂದರೆ ಇವಳು ಅರ್ಧ ಲೋಟ ಬಿಟ್ಟು ಎದ್ದು ಹೋಗುವಳು. ಆದರೂ ಅವನ ಹೆಜ್ಜೆ ಸದ್ದಿಗೆ ಕಿವಿ ನಿಮಿರುತ್ತಿತ್ತು. ಅದಕ್ಕಾಗಿ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಪ್ರಯೋಗಾಲಯದ ಆಂದೋಲಕಗಳ ಪಟ್ಟಿ ತೆರೆದಳು. ನಲವತ್ತಮೂರು ಹೆಜ್ಜೆಯ ಆಂದೋಲಕ ದೊರೆತಿದೆ. ಅದು ಅವಳದೇ ಆಕಾರ. ಪಕ್ಕದಲ್ಲಿ ಅವನ ಹೆಸರು!

ನೇರ ಅವನ ಮೇಜಿಗೆ ಹೋದಳು.

"ನನ್ನದು ಸುಳ್ಳು ಅಂದು ನೀವೇ ಬಾಚ್ಕೊಂಡ್ರಾ? ನಾಚಿಕೆ ಆಗಲ್ವಾ ನಿಮಗೆ?"

ಅವನು ಆ ಆಕಾರದ ಪೂರ್ತಿ ಪುಟ ತೆರೆದು ಪರದೆಯನ್ನು ಅವಳತ್ತ ತಿರುಗಿಸಿದ.

ಪಟ್ಟಿಯಲ್ಲಿ ಕಾಣುವುದು ಪಟ್ಟಿಗೆ ಪುಟ ಸೇರಿಸಿದವರ ಹೆಸರಂತೆ. ಒಳಗೆ, ಕಂಡುಹಿಡಿದವರ ಜಾಗದಲ್ಲಿ, ಅವಳೊಬ್ಬಳದೇ ಹೆಸರಿತ್ತು. ಕೆಳಗೆ ಅವನ ಟಿಪ್ಪಣಿ: ಎರಡೂ ಪಕ್ಕ ನಾಲ್ಕು ಚುಕ್ಕಿಗಳ ಒಂದೊಂದು ಚೌಕ ಇಟ್ಟರೆ, ಅಂಚು ಜೋಡಿಸದೆಯೇ ಆಕಾರ ಮರಳುತ್ತದೆ. ಪ್ರಯತ್ನ ನಾನೂರ ಹನ್ನೆರಡು.

ಅವಳು ಟಿಪ್ಪಣಿಯನ್ನು ಮತ್ತೊಮ್ಮೆ ಓದಿದಳು. ಇಷ್ಟು ದಿನ ನಾನು ಬೈದುಕೊಂಡದ್ದು ಇವನನ್ನಾ...

"ನಾನೂರು ಸಲನಾ? ಯಾಕೆ?"

"ಅವತ್ತು ನಿಮ್ಮ ಮುಖ ನೋಡಿದ್ನಲ್ಲ. ತಪ್ಪು ಅಂತ ಹೇಳಬೇಕಿತ್ತು, ಎಲ್ಲರೆದುರು ಹೇಳಬಾರದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ."

ಅವಳು ಪಕ್ಕದ ಕುರ್ಚಿ ಎಳೆದು ಕೂತು, ತನ್ನ ಹೆಸರಿನ ಪಕ್ಕ ಅವನ ಹೆಸರು ಸೇರಿಸಿದಳು. ಅಕ್ಷರಗಳು ಮಂಜಾಗಿ ಕಂಡವು. ಕಣ್ಣು ತುಂಬಿತ್ತು.

ಅವನು ಮೆಲ್ಲಗೆ ಕೇಳಿದ. "ನಂಗೆ ನೀವು ತುಂಬ ಇಷ್ಟ ಅಂತ ಈಗ ಹೇಳಬಹುದಾ? ಇಲ್ಲಾ, ಇನ್ನೂ ಕೋಪ ಇದೆಯಾ?"

"ಕೋಪ ಇದೆ," ಎಂದಳು ಅವಳು. "ಹೇಳಿ."