ಎಂಜಿನ್ನಿನ ನಾಲ್ಕನೆಯ ಉಸಿರು

ಛಕ್, ಛಕ್, ಛಕ್, ಛಕ್. ರಾತ್ರಿ ಎರಡರ ಹೊತ್ತಿಗೆ ಮಾಳಿಗೆಯಿಂದ ಆ ಸಣ್ಣ ಸದ್ದು ಕೇಳಿಸಿತು. ನಿದ್ದೆ ಬಾರದಾಗ ಸದ್ದುಗಳನ್ನು ಎಣಿಸುವುದು ನನ್ನ ಹಳೆಯ ಚಟ. ನಾಲ್ಕು ನಾಲ್ಕಾಗಿ ಎಣಿಸುತ್ತ ಮಲಗಿಬಿಟ್ಟೆ. ಎದ್ದು ನೋಡಬೇಕಿತ್ತು.

ಮಾಳಿಗೆ ನನ್ನ ತಂಗಿಯ ಕೆಲಸದ ಕೋಣೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದಿದೆ. ಅದಕ್ಕೆ ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಉಗಿ ಎಂಜಿನ್ನನ್ನು ಅವಳು ಮೂರು ವರ್ಷ ಕೂತು ಕಟ್ಟಿದ್ದಳು, ಒಂದು ರಿವೆಟ್ ಮೊಳೆಯನ್ನೂ ಬಿಡದೆ. ಬೆಳಿಗ್ಗೆ ಹತ್ತಕ್ಕೆ ಬಿಡುಗಡೆ. ಏಳಕ್ಕೇ ಅವಳ ಚೀರಾಟಕ್ಕೆ ಮನೆ ಎದ್ದಿತು. ರಾತ್ರಿಯೇ ಯಾರೋ ನಮ್ಮದೇ ಕಂಪ್ಯೂಟರಿನಿಂದ ಎಂಜಿನ್ನನ್ನು ಅಭಿಮಾನಿಗಳ ತಾಣದಲ್ಲಿ ಪುಕ್ಕಟೆ ಹಂಚಿದ್ದರು.

"ನಿಮ್ಮಕ್ಕನ್ನೇ ಕೇಳು," ಎಂದ ತಂಗಿಯ ಗಂಡ. "ಬೆಲೆ ಜಾಸ್ತಿಯಾಯ್ತು ಅಂತ ವಾರದಿಂದ ಗೊಣಗ್ತಿದ್ದೋರು ಅವರೇ ತಾನೆ?"

ಇಷ್ಟು ಕಾದವರು ಎಷ್ಟಾದರೂ ಕೊಡುತ್ತಾರೆಂದು ಬೆಲೆಯನ್ನು ಇಮ್ಮಡಿ ಮಾಡಿದವನು ಅವನು. ಉರಿದುಬಿದ್ದ ಅಭಿಮಾನಿಗಳ ಪತ್ರಗಳಿಗೆಲ್ಲ ಉತ್ತರ ಬರೆದವಳು ನಾನು.

"ನೀನಾ, ಅಕ್ಕ?" ಎಂದಳು ತಂಗಿ.

"ಬಾಯ್ಮುಚ್ಕೊಂಡು ಎಲ್ಲರೂ ಮೇಲೆ ಬನ್ನಿ," ಎಂದರು ದೊಡ್ಡಮ್ಮ. ರೈಲು ಅಪಘಾತಗಳ ತನಿಖೆಯಲ್ಲಿ ಮೂವತ್ತು ವರ್ಷ ಸವೆಸಿ ಈಗ ನಮ್ಮ ಜೊತೆಗಿರುವ ಅವರ ಕಣ್ತಪ್ಪಿಸಿ ಈ ಮನೆಯಲ್ಲಿ ಒಂದು ಬಿಸ್ಕತ್ತೂ ಕಾಣೆಯಾದದ್ದಿಲ್ಲ.

ಮೇಲೆ, ನಾವು ಸೀಟಿ ಎಂದು ಕರೆಯುವ ಹುಡುಗ ಕೂತಿದ್ದ. ಎಂಜಿನ್ನಿಗೆ ಸದ್ದು ಕೂಡಿಸಿದವನು. ಬಿಡುಗಡೆಯ ಕೆಲಸಕ್ಕೆಂದು ರಾತ್ರಿ ಇಲ್ಲೇ ಉಳಿದಿದ್ದ. ಪಾಸ್‌ವರ್ಡನ್ನು ಪರದೆಯ ಅಂಚಿಗೇ ಅಂಟಿಸಿತ್ತು. ಅಂದರೆ ಯಾರಾದರೂ ಆಗಬಹುದಿತ್ತು.

"ರಾತ್ರಿ ನಿದ್ದೆ ಬರ್ದೆ ಇರೋಳು ನೀನು, ಏನ್ ಕೇಳಿಸ್ತೇ?" ದೊಡ್ಡಮ್ಮ ನನ್ನನ್ನು ಕೇಳಿದರು.

"ಎಂಜಿನ್ ಸದ್ದು. ನಾಲ್ಕು ನಾಲ್ಕು."

"ಸರಿಯಾಗಿ ಎಣಿಸ್ದ್ಯಾ?"

"ನಂಗೆ ಬೇರೇನ್ ಬರುತ್ತೆ, ದೊಡ್ಡಮ್ಮ!"

ಅವರು ಮಾರಾಟಕ್ಕಿಟ್ಟ ಪ್ರತಿಯನ್ನು ಓಡಿಸಿದರು. ಛಕ್, ಛಕ್, ಛಕ್, ಆಮೇಲೆ ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಪುಕ್ಕಟೆ ಹಂಚಿದ ಪ್ರತಿಯಲ್ಲಿ ನಾಲ್ಕೂ ಇದ್ದವು.

ತಂಗಿಯ ಮುಖ ಕೆಂಪಾಯಿತು. "ಚಕ್ರ ಒಂದು ಸುತ್ತು ಬಂದ್ರೆ ನಾಲ್ಕು ಉಸಿರು ಬರ್ಬೇಕು. ಒಂದು ಬಿಟ್ಟೋಗಿತ್ತು. ಬಿಡುಗಡೆ ಆದ್ಮೇಲೆ ಸರಿ ಮಾಡೋಣ ಅಂತ ಸುಮ್ಮನಿದ್ದೆ."

"ಕಳ್ಳ ಸುಮ್ಮನಿರ್ಲಿಲ್ಲ," ಎಂದರು ದೊಡ್ಡಮ್ಮ. "ಹಂಚೋಕೆ ಮುಂಚೆ ರಿಪೇರಿ ಮಾಡಿ, ಓಡಿಸಿ ಕೇಳಿದಾನೆ. ಇವಳ ಕಿವಿಗೆ ಬಿದ್ದದ್ದು ಅದೇ. ನಿನ್ನ ಗಂಡನಿಗೆ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ತಿಳಿಯಲ್ಲ. ನಿಮ್ಮಕ್ಕನಿಗೆ ಎಣಿಸೋಕೆ ಬರುತ್ತೆ, ಸೇರಿಸೋಕೆ ಬರಲ್ಲ. ನೀನು ನಿನ್ನ ಹೊಟ್ಟೆಗೆ ನೀನೇ ಹೊಡ್ಕೊಳ್ಳಲ್ಲ." ಪರದೆಯತ್ತ ಬೆರಳು ತೋರಿಸಿದರು. "ಆದ್ರೂ ಸೇರಿಸಿದ್ದು ಚೆನ್ನಾಗಿಲ್ಲ ಬಿಡು. ಟೊಳ್ಳು."

"ಟೊಳ್ಳಾ?" ಸೀಟಿ ಕುರ್ಚಿ ಉರುಳಿಸಿ ಎದ್ದ. "ಮೂರು ದಿನ ನಿಜವಾದ ಎಂಜಿನ್ ಪಕ್ಕ ನಿಂತು ಹೊಗೆ ಕುಡ್ದು ಹಿಡ್ದ ಸದ್ದು ಅದು!"

ದೊಡ್ಡಮ್ಮ ಅವನತ್ತ ತಿರುಗಿದರು. ಸೇರಿಸಿದ್ದು ತಾನೇ ಎಂದು ಬಾಯಿಬಿಟ್ಟದ್ದು ಅವನಿಗೂ ಅರ್ಥವಾಯಿತು.

"ಹೌದು, ನಾನೇ," ಎಂದು ಕೂಗಿದ. "ಸರಿ ಮಾಡ್ಕೊಡ್ತೀನಿ ಅಂತ ಕೈಮುಗ್ದೆ, ಕೇಳಿದ್ರಾ? ಮೂರು ವರ್ಷ ಕಾದೋರಿಗೆ ಎರಡರಷ್ಟು ಬೆಲೆಗೆ ಕುಂಟೋ ಎಂಜಿನ್ನಾ? ನಾಚಿಕೆಯಾಗ್ಬೇಕು ನಿಮಗೆ!"

"ನನ್ನ ಕಣ್ಣು ಹೋಯ್ತು ಅದನ್ನ ಕಟ್ಟಿ," ಎಂದಳು ತಂಗಿ. "ಜಗಳ ಆಡ್ಬೇಕಿತ್ತು. ಬಾಗಿಲು ಒದೀಬೇಕಿತ್ತು. ಕದೀತೀಯಾ?"

"ಹೇಳಿ ಎಲ್ಲರಿಗೂ. ಜನ ನನ್ನನ್ನ ತಲೆ ಮೇಲೆ ಹೊತ್ಕೋತಾರೆ."

ಅದು ನಿಜವೇ. 'ಈ ಪುಣ್ಯಾತ್ಮ ಯಾರು?' ಎಂದು ತಾಣದಲ್ಲಿ ಆಗಲೇ ನೂರಾರು ಜನ ಕೇಳುತ್ತಿದ್ದರು. 'ನಾನೇ' ಎಂದು ಏಳು ಜನ ಬರೆದೂ ಆಗಿತ್ತು.

ತಂಗಿ ಬಾಗಿಲು ತೆರೆದು ಹಿಡಿದಳು. "ಹೋಗಿ ನೀನೇ ಹೇಳ್ಕೋ. ಎಂಟನೆಯವನಾಗು. ನಮ್ಮ ಬಾಯಿಂದ ನಿನ್ನ ಹೆಸರು ಬರಲ್ಲ, ಪೊಲೀಸರ ಮುಂದೂ ಬರಲ್ಲ."

ಅವನು ಮೆಟ್ಟಿಲಿಳಿದು ಹೋದ ಮೇಲೆ ನಾನು ಪತ್ರಗಳ ಮುಂದೆ ಕೂತೆ. ಮೊದಲನೆಯದರಲ್ಲೇ ಅದೇ ಪ್ರಶ್ನೆ. ತಂಗಿ ನನ್ನ ಬೆನ್ನ ಹಿಂದೆ ನಿಂತಿದ್ದಳು, ನನ್ನನ್ನು ಅನುಮಾನಿಸಿದ್ದಕ್ಕೆ ಇನ್ನೂ ಕ್ಷಮೆ ಕೇಳಿರಲಿಲ್ಲ. 'ಯಾರೆಂದು ನಮಗೆ ಗೊತ್ತಿಲ್ಲ,' ಎಂದು ಬರೆದು ಕಳಿಸಿದೆ.