ಹುಣ್ಣಿಮೆ ಕಳೆದರೆ ಬರುವ ಸ್ವರ

೧೯೬೨ರ ಏಪ್ರಿಲ್ ೧೪, ಶನಿವಾರ. ಬೆಳಿಗ್ಗೆ ಮಂಕಿಯ ವೆಂಕಟ್ರಮಣ ಹೆಗಡೆಯವರು ಹೊನ್ನಾವರ ಠಾಣೆಗೆ ಬಂದು ಫಿರ್ಯಾದಿ ಕೊಟ್ಟರು. ಹಿಂದಿನ ಸಂಜೆ ಮುರುಗಲ ಹಣ್ಣಿನ ಪಾನಕ ಕುಡಿದ ಕಿರಿಮಗಳು ವಸಂತಿ ರಾತ್ರಿಯಿಡೀ ವಾಂತಿ ಮಾಡಿದ್ದಾಳೆ. ಗಂಟಲು ಕಟ್ಟಿ ಒಂದಕ್ಷರವೂ ಹೊರಡುತ್ತಿಲ್ಲ. ಸೋಮವಾರ ಕುಮಟೆಯಲ್ಲಿ ಅವಳಿಗೆ ಟೆಲಿಫೋನ್ ಆಪರೇಟರ್ ಕೆಲಸದ ಸ್ವರಪರೀಕ್ಷೆ ಇದೆ. ಹುದ್ದೆ ಒಂದೇ, ಕರೆ ಬಂದಿದ್ದು ಇಬ್ಬರಿಗೆ.

"ಇನ್ನೊಬ್ಬಳು ಯಾರು?" ಫೌಜದಾರ ಕಮಲಾಕರ ಕೇಳಿದರು.

"ಪಕ್ಕದ ಮನೆ ಸರೋಜಾ. ಪಾನಕ ತಂದು ಕೈಗೆ ಕೊಟ್ಟವಳೂ ಅವಳೇ."

ಕಲಂ ೩೨೮ರಡಿ ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಫೌಜದಾರರು, ಪೊಲೀಸ್ ಸುಬ್ಬ ಮತ್ತು ಸರ್ಕಾರಿ ಡಾಕ್ಟರು ಹೆಗಡೆಯವರ ಮನೆಯಲ್ಲಿದ್ದರು.

ಡಾಕ್ಟರು ಒಳಗೆ ಫೌಜದಾರರ ಎದುರೇ ವಸಂತಿಯ ಗಂಟಲು ನೋಡಿದರು. "ಎಂತ ಹೊಟ್ಟೆಗೆ ಹೋಗಿದೆ ಅಂತ ಗೊತ್ತಾಗದೆ ಏನೂ ಹೇಳೂಕಾಗ. ಸೋಮವಾರಕ್ಕಂತೂ ಸ್ವರ ಬರೂದಿಲ್ಲ."

ಹುಡುಗಿ ಸದ್ದಿಲ್ಲದೆ ಅತ್ತಳು. ತಲೆ ನೇವರಿಸುತ್ತ ಕೂತಿದ್ದ ಅಕ್ಕ ಮಾದೇವಿ ಸಮಾಧಾನ ಹೇಳಿದಳು. "ಅಳಡ ತಂಗಿ. ಹುಣ್ಣಿಮೆ ಕಳದ್ರೆ ಸ್ವರ ಬತ್ತು."

ಸರೋಜಾಳನ್ನು ಜಗುಲಿಗೆ ಕರೆಸಿದರು.

"ನಿನ್ನೆ ಇಲ್ಲಿಗೆ ಯಾಕೆ ಬಂದಿದ್ದೆ?"

"ದಿನಾ ಬತ್ತೆ. ಇಬ್ರೂ ತೆಂಗಿನ ಗೆರಟೆ ಕಿವಿಗೆ ಹಿಡ್ಕೊಂಡು 'ಹಲೋ, ನಂಬರ್ ಪ್ಲೀಸ್' ಅಂತ ಅಭ್ಯಾಸ ಮಾಡೂದು."

"ಅವಳ ಸ್ವರ ಹೇಗೆ?"

"ಜೇನಿನ ಹಾಗೆ. ನಂದು ತಗಡು ಬಡಿದ ಹಾಗೆ. ಹೊಟ್ಟೆಕಿಚ್ಚು ಇತ್ತು ಫೌಜದಾರ್ರೆ, ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದರೆ ಪಾನಕ ಮಾಡಿದ್ದು ನಾನಲ್ಲ. ಮಾದೇವಕ್ಕ ಎರಡು ಲೋಟ ಕೊಟ್ಟು, ದೊಡ್ಡದು ವಸಂತಿಗೆ ಅಂತ ಹೇಳಿದ್ದು."

ಸುಬ್ಬ ಫೌಜದಾರರ ಕಿವಿಯಲ್ಲಿ ಹೇಳಿದ, "ನನ್ನ ಭಾವ ಹೆಡ್ ಕಾನ್‌ಸ್ಟೇಬಲ್ ಆದಾಗ ನಂಗೂ ಎರಡು ದಿನ ಊಟ ಸೇರ್ಲಿಲ್ಲ ಸಾಹೇಬ್ರೆ. ಹಾಗಂತ ವಿಷ ಹಾಕ್ತಾರಾ?"

ಪಂಚರ ಸಮಕ್ಷಮ ದೊಡ್ಡ ಲೋಟವನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ಗಾಬರಿಯಲ್ಲಿ ಯಾರೂ ಅದನ್ನು ತೊಳೆದಿರಲಿಲ್ಲ. ಡಾಕ್ಟರು ಲೋಟವನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದರು. ತಳದಲ್ಲಿ ಕೆಂಪು ಪುಡಿ ಕೂತಿತ್ತು. ಕೆಂಪು ಪಾನಕದಲ್ಲಿ ಅದು ಕಣ್ಣಿಗೆ ಬೀಳುವ ಹಾಗಿರಲಿಲ್ಲ.

"ಇದು ಸಿಂಧೂರ. ಇನ್ನೂ ಸ್ವಲ್ಪ ಹೋಗಿದ್ರೆ ಜೀವಕ್ಕೇ ಅಪಾಯವಿತ್ತು."

ಫೌಜದಾರರು ಒಳಗೆ ಹೋದರು. ಮಾದೇವಿ ಅಡಿಗೆಮನೆಯಲ್ಲಿದ್ದಳು. ಅವರು ವಸಂತಿಯ ಕೈಗೆ ಪಾಟಿ, ಬಳಪ ಕೊಟ್ಟರು.

"ನಿನ್ನಕ್ಕ ಹುಣ್ಣಿಮೆ ಅಂದಳಲ್ಲ, ಅದೆಂತ ಲೆಕ್ಕ?"

ವಸಂತಿ ಕಣ್ಣೊರೆಸಿಕೊಂಡು ನಗುತ್ತ ಬರೆಯತೊಡಗಿದಳು. 'ನಮ್ಮಜ್ಜಿ ಕತೆ. ಸವತಿ ರಾಣಿ ಮಾತಾಡುವ ಗಿಳಿಗೆ ಸಿಂಧೂರ ತಿನ್ನಿಸುತ್ತಾಳೆ. ಹುಣ್ಣಿಮೆ ಕಳೆದ ಮೇಲೆ ಗಿಳಿಗೆ ಮತ್ತೆ'

ಬಳಪ ನಿಂತಿತು. ಅವಳು ಅಂಗೈಯಿಂದ ಪಾಟಿಯನ್ನು ಒರೆಸಿ ಒರೆಸಿ ಕಪ್ಪು ಮಾಡಿದಳು. ಅಷ್ಟರಲ್ಲಿ ಫೌಜದಾರರು ಓದಿಯಾಗಿತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಲೋಟದಲ್ಲಿ ಸಿಂಧೂರ ಇದೆ ಅಂತ ಡಾಕ್ಟರಿಗೇ ಈಗ ಗೊತ್ತಾಯ್ತು. ಹುಣ್ಣಿಮೆ ಕಳೆದರೆ ಸ್ವರ ಬರ್ತದೆ ಅಂದೆಯಲ್ಲ, ನಿನಗೆ ಮೊದಲೇ ಹೇಗೆ ಗೊತ್ತಾಯ್ತು?"

ಮಾದೇವಿ ಒಲೆಯ ಕಡೆ ನೋಡುತ್ತಲೇ ಇದ್ದಳು.

"ಸಾಯಿಸೂಕೆ ಹಾಕಿದ್ದಲ್ಲ. ಸೋಮವಾರ ಒಂದು ದಾಟಿದ್ರೆ ಸಾಕಿತ್ತು. ಹುಣ್ಣಿಮೆಗೆ ಸರಿ ಆಗ್ತದೆ ಅಂತಲೇ ಮಾಡಿದ್ದೆ."

"ಯಾಕೆ?"

"ಭಟ್ಕಳದಲ್ಲಿ ಪರೀಕ್ಷೆಗೆ ಕೂತು ಏಳನೇ ಕ್ಲಾಸಿನ ಮುಲ್ಕಿ ಪಾಸಾದೆ. ಕುಮಟೆಗೆ ಮಾಸ್ತರಿಕೆ ಸಂದರ್ಶನಕ್ಕೆ ಕರೆ ಬಂತು. ಹೆಣ್ಣುಮಕ್ಕಳು ಹೊಳೆ ದಾಟಿ ಉದ್ಯೋಗಕ್ಕೆ ಹೋಗೂದಾ ಅಂತ ಅಪ್ಪಯ್ಯ ಕಳಿಸಲಿಲ್ಲ. ಆತು ಅಂತ ಸುಮ್ಮನಾದೆ. ಈಗ ಇವಳಿಗೆ ತಾನೇ ಕೊಡೆ ಹಿಡ್ಕೊಂಡು ಹೋಗಿ ಅರ್ಜಿ ಕೊಟ್ಟು ಬಂದ. ಹೊಸ ಸೀರೆನೂ ತಂದ. ಅದಕ್ಕೆ ಫಾಲ್ ಹೊಲಿದವಳು ನಾನೇ."

ಹೇಳಿಕೆ ಬರೆದುಕೊಂಡು ಮಾದೇವಿಯನ್ನು ದಸ್ತಗಿರಿ ಮಾಡಿದರು. ಹೆಗಡೆಯವರು ಜಗುಲಿಯಿಂದ ಏಳಲಿಲ್ಲ. ವಸಂತಿ ಅಂಗಳದವರೆಗೂ ಬಂದು ಅಕ್ಕನ ಸೆರಗು ಹಿಡಿದಳು. ಬಾಯಿ ಆಡಿತು, ಸ್ವರ ಬರಲಿಲ್ಲ.

ಸಂಜೆಗೆ ಶರಾವತಿಯಲ್ಲಿ ಹೊನ್ನಾವರದ ಲಾಂಚ್ ಹೊರಟಿತು. ಸುಬ್ಬ ಮಾದೇವಿಗೆ ಅಂಚಿನ ಹಲಗೆಯ ಮೇಲೆ ಜಾಗ ಮಾಡಿಕೊಟ್ಟ. ನಡುಹೊಳೆಯಲ್ಲಿ ಅವಳು ಕೇಳಿದಳು. "ಕುಮಟೆ ಯಾವ ಬದಿಗೆ?"

ಸುಬ್ಬ ಲಾಠಿಯಿಂದ ಬಡಗು ದಿಕ್ಕನ್ನು ತೋರಿಸಿದ. ಲಾಂಚ್ ದಡ ಮುಟ್ಟುವವರೆಗೂ ಅವಳು ಅತ್ತಲೇ ನೋಡುತ್ತಿದ್ದಳು.